ಎಷ್ಟು ಹೊತ್ತಾಯಿತು? ಮಾನಸಿಕ ಆರೋಗ್ಯ ಶುಶ್ರೂಷೆಯನ್ನು ಪರೀಕ್ಷೆಗೆ ಓದುವ ಒಂದು ಬಗೆ

ನೋಂದಣಿ ಪರೀಕ್ಷೆಗೆ ಸಿದ್ಧರಾಗುವ ಶುಶ್ರೂಷಾ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಮಾನಸಿಕ ಆರೋಗ್ಯದ ಭಾಗವನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ. ಹೃದಯ, ಶ್ವಾಸಕೋಶ, ಮೂತ್ರಪಿಂಡಗಳ ಪಾಠಗಳಲ್ಲಿ ಅಂಕಿಗಳಿವೆ, ಚಿತ್ರಗಳಿವೆ, ಕೈಗೆ ಸಿಗುವಂಥದ್ದು ಏನಾದರೂ ಇದೆ. ಇಲ್ಲಿ ಎಲ್ಲವೂ ಮಾತಿನ ಮೇಲೆ ನಿಂತಿದೆ, ನಾಲ್ಕು ಆಯ್ಕೆಗಳೂ ಸರಿಯೆಂಬಂತೆ ತೋರುತ್ತವೆ ಎಂಬುದು ಅವರ ದೂರು. ಈ ದೂರು ಅರ್ಧ ನಿಜ. ಆದರೆ ಹಳೆಯ ಪ್ರಶ್ನೆಗಳನ್ನು ಸಾಲಾಗಿ ಇಟ್ಟುಕೊಂಡು ನೋಡಿದರೆ, ಅವುಗಳಲ್ಲಿ ದೊಡ್ಡ ಪಾಲು ಒಂದೇ ಸಂಗತಿಯ ಸುತ್ತ ತಿರುಗುವುದು ಕಾಣುತ್ತದೆ. ಅದು ಕಾಲ. ಕೊನೆಯ ಸಲ ಕುಡಿದು ಎಷ್ಟು ಗಂಟೆಯಾಯಿತು, ಮಾತ್ರೆ ಶುರುವಾಗಿ ಎಷ್ಟು ವಾರವಾಯಿತು, ಲಕ್ಷಣ ಕಾಣಿಸಿಕೊಂಡು ಎಷ್ಟು ತಿಂಗಳಾಯಿತು ಎಂಬ ಒಂದು ಪದವೋ ಅಂಕಿಯೋ ಪ್ರಶ್ನೆಯ ನಡುವೆ ಸದ್ದಿಲ್ಲದೆ ಕುಳಿತಿರುತ್ತದೆ, ಮತ್ತು ಉತ್ತರವನ್ನು ನಿರ್ಧರಿಸುವುದು ಬಹುಮಟ್ಟಿಗೆ ಅದೇ.

ಆದ್ದರಿಂದ ನನ್ನ ಸಲಹೆ ಇಷ್ಟು. ಉದ್ದನೆಯ ಒಂದು ಹಾಳೆಯನ್ನು ಅಡ್ಡಲಾಗಿ ಇಟ್ಟು, ಉದ್ದಕ್ಕೂ ಒಂದು ಗೆರೆ ಎಳೆದು, ಅದರ ಮೇಲೆ ನಿಮಿಷ, ಗಂಟೆ, ದಿನ, ವಾರ, ತಿಂಗಳು, ವರ್ಷ ಎಂದು ಗುರುತು ಮಾಡಿಕೊಳ್ಳಿ. ಓದುತ್ತ ಹೋದಂತೆ ಪ್ರತಿಯೊಂದು ಲಕ್ಷಣವನ್ನೂ ಅಡ್ಡಪರಿಣಾಮವನ್ನೂ ರೋಗದ ಹೆಸರಿನಡಿ ಬರೆಯುವ ಬದಲು ಈ ಗೆರೆಯ ಮೇಲೆ ಅದರ ಜಾಗದಲ್ಲಿ ಬರೆಯಿರಿ. ಕೆಳಗೆ, ಅದು ಆಗಲೇ ಏಕೆ ಬರುತ್ತದೆ ಮತ್ತು ಶುಶ್ರೂಷಕಿ ಮೊದಲು ಏನು ಮಾಡಬೇಕು ಎಂಬ ಎರಡು ಮಾತುಗಳನ್ನು ಸೇರಿಸಿ. ‘ಏಕೆ’ ಎಂಬುದನ್ನು ಬಿಟ್ಟು ಬರೀ ಅಂಕಿಯನ್ನು ಬಾಯಿಪಾಠ ಮಾಡಿದರೆ ಪರೀಕ್ಷೆಯ ದಿನ 48 ಗಂಟೆ ಯಾವುದರದು, 72 ಗಂಟೆ ಯಾವುದರದು ಎಂದು ಎಲ್ಲವೂ ಕಲಸಿಹೋಗುತ್ತದೆ.

ಗಂಟೆಗಳಲ್ಲಿ ಬರುವ ಅಪಾಯಗಳು

ಗೆರೆಯ ಮೇಲೆ ಮೊದಲು ತುಂಬಬೇಕಾದದ್ದು ಮದ್ಯ. ಇದು ಮಾನಸಿಕ ಆರೋಗ್ಯದ ಭಾಗದಲ್ಲಷ್ಟೇ ಬರುವ ಪ್ರಶ್ನೆಯಲ್ಲ ಎಂಬುದನ್ನು ಗಮನಿಸಬೇಕು. ತೊಡೆಮೂಳೆ ಮುರಿದು ಶಸ್ತ್ರಚಿಕಿತ್ಸೆಯ ವಾರ್ಡಿಗೆ ದಾಖಲಾದ ವ್ಯಕ್ತಿ ಮೂರನೆಯ ದಿನ ರಾತ್ರಿ ಬೆವರುತ್ತ, ಕೈ ನಡುಗಿಸುತ್ತ, ಗೋಡೆಯ ಮೇಲೆ ಹುಳುಗಳು ಹರಿದಾಡುತ್ತಿವೆ ಎನ್ನುತ್ತಾನೆ. ನಾಡಿ 124, ಜ್ವರವೂ ಇದೆ. ಪ್ರಶ್ನೆಯಲ್ಲಿ ಮದ್ಯ ಎಂಬ ಪದವೇ ಇರದೆ ಹೋಗಬಹುದು. ಸೋಂಕು, ನೋವಿನ ಔಷಧಿಯ ಪರಿಣಾಮ, ಆಮ್ಲಜನಕದ ಕೊರತೆ ಮೊದಲಾದ ಕಾರಣಗಳನ್ನೂ ನೋಡಲೇಬೇಕು, ಆದರೆ ‘ಮೂರನೆಯ ದಿನ’ ಎಂಬುದನ್ನು ಕಂಡ ಕೂಡಲೇ, ದಾಖಲಾಗುವ ಮುನ್ನ ಈತ ಎಷ್ಟು ಕುಡಿಯುತ್ತಿದ್ದ, ಕೊನೆಯ ಬಾರಿ ಕುಡಿದದ್ದು ಯಾವಾಗ ಎಂಬ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಏಳಬೇಕು.

ಮದ್ಯ ಮೆದುಳಿನ ಚಟುವಟಿಕೆಯನ್ನು ಅದುಮುತ್ತದೆ. ವರ್ಷಗಟ್ಟಲೆ ಪ್ರತಿದಿನ ಅದುಮಿಸಿಕೊಂಡ ಮೆದುಳು ಸಮತೋಲ ಕಾಪಾಡಿಕೊಳ್ಳಲು ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡಿರುತ್ತದೆ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ತಟ್ಟನೆ ಹಗ್ಗ ಬಿಟ್ಟಾಗ ಇನ್ನೊಂದು ಕಡೆಯವರು ಹಿಮ್ಮುಖವಾಗಿ ಉರುಳುವಂತೆ, ಮದ್ಯ ನಿಂತಾಗ ಆ ಉದ್ರೇಕವನ್ನು ತಡೆಹಿಡಿಯುವವರು ಯಾರೂ ಇರುವುದಿಲ್ಲ. ಕೊನೆಯ ಬಾರಿ ಕುಡಿದ 6ರಿಂದ 12 ಗಂಟೆಗಳಲ್ಲಿ ನಡುಕ, ಬೆವರು, ವಾಕರಿಕೆ, ತಳಮಳ, ನಿದ್ದೆಗೆಡುವಿಕೆ ಶುರುವಾಗುತ್ತವೆ. 12ರಿಂದ 24 ಗಂಟೆಗಳ ಸುಮಾರಿಗೆ ಕೆಲವರಿಗೆ ಪ್ರಜ್ಞೆ ಸ್ಪಷ್ಟವಾಗಿದ್ದೂ ಇಲ್ಲದ್ದು ಕಾಣಿಸುತ್ತದೆ, ಕೇಳಿಸುತ್ತದೆ. ಸೆಳವು ಬರುವುದಾದರೆ ಸಾಮಾನ್ಯವಾಗಿ 6ರಿಂದ 48 ಗಂಟೆಗಳೊಳಗೆ. ಡೆಲಿರಿಯಂ ಟ್ರೆಮೆನ್ಸ್ ಎಂಬ ಪ್ರಾಣಾಪಾಯದ ಸ್ಥಿತಿ ಕಾಣಿಸಿಕೊಳ್ಳುವುದು 48ರಿಂದ 96 ಗಂಟೆಗಳ ನಡುವೆ. ಇಲ್ಲಿ ಪ್ರಜ್ಞೆಯೇ ಕದಡಿರುತ್ತದೆ, ರಕ್ತದೊತ್ತಡ, ನಾಡಿ, ಮೈಬಿಸಿ ಮೂರೂ ಏರಿರುತ್ತವೆ. ಎರಡನೆಯದಕ್ಕೂ ನಾಲ್ಕನೆಯದಕ್ಕೂ ಇರುವ ವ್ಯತ್ಯಾಸವನ್ನು, ಅಂದರೆ ಇಲ್ಲದ್ದು ಕಾಣುತ್ತಿದ್ದರೂ ತಾನೆಲ್ಲಿದ್ದೇನೆ ಎಂದು ಬಲ್ಲ ರೋಗಿಗೂ ಅದನ್ನೇ ಮರೆತ ರೋಗಿಗೂ ಇರುವ ವ್ಯತ್ಯಾಸವನ್ನು, ಪರೀಕ್ಷಕರು ಬಹಳ ಇಷ್ಟಪಡುತ್ತಾರೆ.

ಲಕ್ಷಣಗಳ ತೀವ್ರತೆಯನ್ನು ಅಳೆಯಲು ಬಳಸುವ ಸಿಐಡಬ್ಲ್ಯೂಎ-ಎಆರ್ ಮಾಪನದಲ್ಲಿ 10 ಅಂಶಗಳಿವೆ, ಗರಿಷ್ಠ ಅಂಕ 67. ಚಿಕಿತ್ಸೆಯ ಬೆನ್ನೆಲುಬು ಬೆಂಜೊಡಯಜಪೀನ್ ಗುಂಪಿನ ಶಮನಕಾರಿ ಔಷಧಿಗಳು. ಯಕೃತ್ತು ಕೆಟ್ಟಿರುವವರಿಗೆ ಲೊರಜಪಾಮ್ ಅಥವಾ ಆಕ್ಸಜಪಾಮ್ ಆರಿಸುತ್ತಾರೆ, ಏಕೆಂದರೆ ಇವು ಯಕೃತ್ತಿನಲ್ಲಿ ಸರಳವಾದ ದಾರಿಯಿಂದ ವಿಸರ್ಜನೆಗೆ ಸಿದ್ಧವಾಗುತ್ತವೆ, ದೇಹದಲ್ಲಿ ಶೇಖರವಾಗುತ್ತ ಹೋಗುವುದಿಲ್ಲ. ಥಯಾಮಿನ್ (ಬಿ1 ಜೀವಸತ್ವ) ಮತ್ತು ಗ್ಲೂಕೋಸ್ ಎರಡೂ ಕೊಡಬೇಕೆಂದಿದ್ದರೆ ಥಯಾಮಿನ್ ಮೊದಲು. ಗ್ಲೂಕೋಸನ್ನು ಅರಗಿಸಿಕೊಳ್ಳಲು ಉಳಿದಿರುವ ಅಲ್ಪಸ್ವಲ್ಪ ಥಯಾಮಿನ್ ಖರ್ಚಾಗಿಹೋದರೆ ವರ್ನಿಕೆ ಎನ್ಸೆಫಲೋಪತಿ ಎಂಬ ಮೆದುಳಿನ ತೊಂದರೆ ಎರಗುತ್ತದೆ: ಕಣ್ಣಾಲಿಗಳ ಚಲನೆ ಕೆಡುವುದು, ನಡಿಗೆ ಓಲಾಡುವುದು, ಗೊಂದಲ.

ಮಾರ್ಫೀನ್, ಹೆರಾಯಿನ್‌ನಂಥ ಓಪಿಯಾಯ್ಡ್‌ಗಳ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಮದ್ಯ ಬಿಡುವಾಗ ಪ್ರಾಣಕ್ಕೆ ಅಪಾಯ. ಓಪಿಯಾಯ್ಡ್ ಬಿಡುವಾಗ ಮೂಗು ಸೋರಿಕೆ, ಆಕಳಿಕೆ, ಮೈ ಜುಮ್ಮೆನ್ನುವುದು, ಹೊಟ್ಟೆ ಹಿಂಡುವುದು, ಹಿಗ್ಗಿದ ಕಣ್ಣಪಾಪೆ ಎಲ್ಲ ಸೇರಿ ನರಕಯಾತನೆಯಾದರೂ ಆರೋಗ್ಯವಂತ ವಯಸ್ಕರಲ್ಲಿ ಸಾವು ವಿರಳ. ಸಾವು ಬರುವುದು ಅತಿಯಾಗಿ ತೆಗೆದುಕೊಂಡಾಗ. ಸೂಜಿಮೊನೆಯಷ್ಟು ಕುಗ್ಗಿದ ಕಣ್ಣಪಾಪೆ, ಮಂದವಾದ ಉಸಿರಾಟ, ಎಚ್ಚರವಿಲ್ಲದ ಸ್ಥಿತಿ ಕಂಡರೆ ಅದರ ಪ್ರತ್ಯೌಷಧ ನ್ಯಾಲಾಕ್ಸೋನ್. ಅದನ್ನು ಕೊಟ್ಟೊಡನೆ ರೋಗಿ ಎದ್ದು ಕೂತು ಮನೆಗೆ ಹೋಗುತ್ತೇನೆ ಎನ್ನುತ್ತಾನೆ ಎಂಬಲ್ಲಿಗೆ ಪ್ರಶ್ನೆ ನಿಲ್ಲುವುದಿಲ್ಲ. ನಿಜವಾದ ಪ್ರಶ್ನೆ ಅಲ್ಲಿಂದಲೇ ಆರಂಭ. ನ್ಯಾಲಾಕ್ಸೋನ್‌ನ ಪ್ರಭಾವ ಸುಮಾರು 30ರಿಂದ 90 ನಿಮಿಷಗಳಲ್ಲಿ ಇಳಿದುಹೋಗುತ್ತದೆ, ಒಳಗಿರುವ ಓಪಿಯಾಯ್ಡ್ ಅದಕ್ಕಿಂತ ಹೆಚ್ಚು ಹೊತ್ತು ಉಳಿಯಬಹುದು. ಹಾಗಾಗಿ ಉಸಿರಾಟದ ಮೇಲೆ ಕಣ್ಣಿಟ್ಟು ಕಾಯುವ ಆಯ್ಕೆಯೇ ಸರಿ.

ಔಷಧಿ ಅದೇ, ಹೊತ್ತು ಬೇರೆ

ಹ್ಯಾಲೊಪೆರಿಡಾಲ್‌ನಂಥ ಹಳೆಯ ತಲೆಮಾರಿನ ಆ್ಯಂಟಿಸೈಕೋಟಿಕ್ (ಭ್ರಮೆಗಳನ್ನು ತಗ್ಗಿಸುವ) ಔಷಧಿಗಳು ತರುವ ಚಲನದೋಷಗಳನ್ನು ಹೆಸರಿನಿಂದ ನೆನಪಿಟ್ಟುಕೊಳ್ಳುವುದು ಕಷ್ಟ, ಕಾಲದಿಂದ ನೆನಪಿಟ್ಟುಕೊಳ್ಳುವುದು ಸುಲಭ. ಚುಚ್ಚುಮದ್ದು ಕೊಟ್ಟ ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ ಕುತ್ತಿಗೆ ಒಂದು ಪಕ್ಕಕ್ಕೆ ತಿರುಚಿಕೊಂಡರೆ, ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡರೆ ಅದು ಅಕ್ಯೂಟ್ ಡಿಸ್ಟೋನಿಯ. ಗಂಟಲಿನ ಸ್ನಾಯುಗಳೂ ಬಿಗಿದುಕೊಂಡರೆ ಉಸಿರಿಗೇ ಸಂಚಕಾರ, ಆದ್ದರಿಂದ ಬೆಂಜ್‌ಟ್ರೊಪಿನ್ ಅಥವಾ ಡೈಫೆನ್‌ಹೈಡ್ರಮಿನ್ ಅನ್ನು ಸ್ನಾಯು ಇಲ್ಲವೆ ರಕ್ತನಾಳದ ಮೂಲಕ ತಡಮಾಡದೆ ಕೊಡಬೇಕು. ದಿನಗಳು, ವಾರಗಳು ಕಳೆದಂತೆ ಅಕಥೀಸಿಯ ಕಾಣಿಸಿಕೊಳ್ಳುತ್ತದೆ: ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಇದನ್ನು ರೋಗ ಉಲ್ಬಣಿಸಿದೆ ಎಂದು ತಪ್ಪಾಗಿ ತಿಳಿದು ಅದೇ ಔಷಧಿಯನ್ನು ಇನ್ನೊಂದು ಡೋಸ್ ಕೊಡುವ ಆಯ್ಕೆ ಪ್ರಶ್ನೆಪತ್ರಿಕೆಯ ಹಳೆಯ ಬಲೆ. ಕೊಟ್ಟರೆ ಚಡಪಡಿಕೆ ಹೆಚ್ಚಾಗುತ್ತದೆ. ಇಲ್ಲಿ ಪ್ರೊಪ್ರನಲಾಲ್ ನೆರವಿಗೆ ಬರುತ್ತದೆ. ವಾರಗಳಲ್ಲಿ ಪಾರ್ಕಿನ್ಸನ್ ರೋಗವನ್ನು ಹೋಲುವ ನಡುಕ, ಬಿಗಿತ, ಭಾವವಿಲ್ಲದ ಮುಖ. ತಿಂಗಳುಗಳು, ವರ್ಷಗಳಾದ ಮೇಲೆ ತುಟಿ ಚಪ್ಪರಿಸುವುದು, ನಾಲಗೆ ಹೊರಳಿಸುವುದು, ದವಡೆ ಆಡಿಸುವುದು. ಇದು ಟಾರ್ಡೀವ್ ಡಿಸ್ಕೈನೇಸಿಯ. ‘ಟಾರ್ಡೀವ್’ ಎಂದರೇ ತಡವಾಗಿ ಬಂದದ್ದು ಎಂದರ್ಥ. ಮೊದಲಿನವಕ್ಕೆ ಉಪಯೋಗವಾದ ಬೆಂಜ್‌ಟ್ರೊಪಿನ್ ಇಲ್ಲಿ ಉಪಯೋಗಕ್ಕೆ ಬಾರದು, ಕೆಡಿಸಲೂಬಹುದು. ಔಷಧಿ ನಿಲ್ಲಿಸಿದರೂ ಇದು ಹೋಗದೆ ಇರಬಹುದಾದ್ದರಿಂದ ಇಂಥ ಅನೈಚ್ಛಿಕ ಚಲನೆಗಳನ್ನು ಅಳೆಯುವ ಎಐಎಂಎಸ್ ಮಾಪನದಿಂದ ಆಗಾಗ ಪರೀಕ್ಷಿಸಿ ಮೊದಲ ಸುಳಿವಿನಲ್ಲೇ ಹಿಡಿಯಬೇಕು.

ಈ ಸಾಲಿನಿಂದ ಹೊರಗೆ ನಿಲ್ಲುವ ಎರಡು ತುರ್ತುಸ್ಥಿತಿಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು, ಏಕೆಂದರೆ ಎರಡರಲ್ಲೂ ಜ್ವರ, ಬೆವರು, ಗೊಂದಲ, ಏರುಪೇರಾಗುವ ರಕ್ತದೊತ್ತಡ ಇರುತ್ತವೆ. ನ್ಯೂರೊಲೆಪ್ಟಿಕ್ ಮ್ಯಾಲಿಗ್ನಂಟ್ ಸಿಂಡ್ರೋಮ್ ಡೋಪಮಿನ್ ತಡೆಯುವ ಔಷಧಿಯಿಂದ, ಬಹುಮಟ್ಟಿಗೆ ಮೊದಲ ಎರಡು ವಾರಗಳಲ್ಲಿ, ಒಂದರಿಂದ ಮೂರು ದಿನಗಳ ಅವಧಿಯಲ್ಲಿ ಬೆಳೆದು ನಿಲ್ಲುತ್ತದೆ. ಕೈಕಾಲು ಸೀಸದ ಕೊಳವೆಯಂತೆ ಗಡುಸಾಗುತ್ತವೆ, ಸ್ನಾಯು ನಾಶವಾಗುವುದರಿಂದ ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ ಏರುತ್ತದೆ. ಸೆರಟೋನಿನ್ ಸಿಂಡ್ರೋಮ್ ಸೆರಟೋನಿನ್ ಹೆಚ್ಚಿಸುವ ಔಷಧಿಯಿಂದ, ಹೆಚ್ಚಾಗಿ ಅದರ ಡೋಸ್ ಏರಿಸಿದ ಅಥವಾ ಅಂಥದ್ದೇ ಎರಡನೆಯ ಔಷಧಿ ಸೇರಿಸಿದ 24 ಗಂಟೆಗಳೊಳಗೆ ಬಂದುಬಿಡುತ್ತದೆ. ಇಲ್ಲಿ ಗಡುಸುತನಕ್ಕಿಂತ ಮೈ ಅದುರುವುದು, ಮೊಣಕಾಲಿನ ಪ್ರತಿವರ್ತನೆ ಅತಿಯಾಗುವುದು, ಪಾದ ತಾನೇ ತಾನಾಗಿ ಲಯಬದ್ಧವಾಗಿ ಮಿಡಿಯುವುದು, ಜೊತೆಗೆ ಭೇದಿ ಎದ್ದು ಕಾಣುತ್ತವೆ. ಎರಡರಲ್ಲೂ ಮೊದಲ ಕೆಲಸ ಮುಂದಿನ ಡೋಸನ್ನು ತಡೆಹಿಡಿದು ವೈದ್ಯರಿಗೆ ತಿಳಿಸುವುದೇ ಆಗಿದೆ. ನಂತರದ ಔಷಧಿಗಳು ಬೇರೆ: ಮೊದಲನೆಯದಕ್ಕೆ ಡ್ಯಾಂಟ್ರೊಲೀನ್, ಬ್ರೊಮೊಕ್ರಿಪ್ಟಿನ್, ಎರಡನೆಯದಕ್ಕೆ ಸೈಪ್ರೊಹೆಪ್ಟಡಿನ್.

ವಾರಗಳು, ಮತ್ತು ಔಷಧಿ ಬದಲಿಸುವಾಗಿನ ಬಿಡುವು

ಎಸ್‌ಎಸ್‌ಆರ್‌ಐ ಗುಂಪಿನ ಖಿನ್ನತೆಯ ಮಾತ್ರೆಗಳು ಫಲ ಕೊಡಲು 2ರಿಂದ 4 ವಾರ, ಪೂರ್ತಿ ಫಲಕ್ಕೆ 6ರಿಂದ 8 ವಾರವೂ ಬೇಕಾಗುತ್ತದೆ. ‘ಐದು ದಿನದಿಂದ ನುಂಗುತ್ತಿದ್ದೇನೆ, ಏನೂ ಆಗಿಲ್ಲ, ನಿಲ್ಲಿಸುತ್ತೇನೆ’ ಎನ್ನುವ ರೋಗಿಗೆ ಕೊಡಬೇಕಾದ ತಿಳಿವಳಿಕೆ ಇದೇ. ಆತಂಕದ ಔಷಧಿ ಬ್ಯುಸ್‌ಪಿರೋನ್ ಕೂಡ ವಾರಗಳನ್ನು ಬೇಡುತ್ತದೆ. ಆತಂಕ ಬಂದಾಗ ಒಂದು ನುಂಗಿದರಾಯಿತು ಎಂದು ರೋಗಿ ಹೇಳಿದರೆ ಆತನಿಗೆ ಪಾಠ ಅರ್ಥವಾಗಿಲ್ಲ ಎಂದೇ ಉತ್ತರ.

ಎಂಎಒಐ ಎಂಬ ಖಿನ್ನತೆಯ ಹಳೆಯ ಔಷಧಿಗಳು ಮಾನೊಅಮೀನ್ ಆಕ್ಸಿಡೇಸ್ ಎಂಬ ಕಿಣ್ವವನ್ನು ತಡೆಯುತ್ತವೆ. ಅವನ್ನು ಇಂದು ಬರೆಯುವುದು ಕಡಿಮೆ, ಆದರೆ ಪ್ರಶ್ನೆಗಳಲ್ಲಿ ಅವು ಕಡಿಮೆಯಾಗಿಲ್ಲ. ಹಳತಾಗಿಸಿದ ಚೀಸ್, ಸಂಸ್ಕರಿಸಿ ಒಣಗಿಸಿದ ಮಾಂಸ, ಹುದುಗಿಸಿದ ಪದಾರ್ಥಗಳಲ್ಲಿರುವ ಟೈರಮಿನ್ ಈ ಔಷಧಿ ನುಂಗುವವರ ರಕ್ತದೊತ್ತಡವನ್ನು ಅಪಾಯಕರ ಮಟ್ಟಕ್ಕೆ ಏರಿಸುತ್ತದೆ. ಮೊದಲ ಸೂಚನೆ ಹಿಂದಲೆಯಲ್ಲಿ ಸಿಡಿಯುವ ನೋವು. ಇಲ್ಲಿ 14 ದಿನ ಎಂಬ ಅಂಕಿಯನ್ನು ಗೆರೆಯ ಮೇಲೆ ಕೆಂಪಿನಲ್ಲಿ ಬರೆದುಕೊಳ್ಳಿ. ಎಂಎಒಐ ನಿಲ್ಲಿಸಿದ ಮೇಲೆ ಪಥ್ಯ ಮುಂದುವರಿಯಬೇಕಾದದ್ದೂ, ಇನ್ನೊಂದು ಖಿನ್ನತೆಯ ಔಷಧಿ ಶುರುಮಾಡುವ ಮುನ್ನ ಕಾಯಬೇಕಾದದ್ದೂ ಇಷ್ಟೇ ದಿನ, ಏಕೆಂದರೆ ಆ ಕಿಣ್ವವನ್ನು ದೇಹ ಹೊಸದಾಗಿ ತಯಾರಿಸಿಕೊಳ್ಳಬೇಕು. ಎಸ್‌ಎಸ್‌ಆರ್‌ಐ ಗುಂಪಿನ ಫ್ಲೂಆಕ್ಸಿಟಿನ್ ಬಿಟ್ಟು ಎಂಎಒಐಗೆ ಹೋಗುವುದಾದರೆ ಮಾತ್ರ 5 ವಾರ. ಅದು ದೇಹವನ್ನು ಬಿಟ್ಟು ಹೊರಡುವುದು ಅಷ್ಟು ನಿಧಾನ. ಮದ್ಯ ಬಿಡಿಸಲು ಕೊಡುವ ಡೈಸಲ್ಫಿರಾಮ್‌ಗೂ ಇಂಥದ್ದೇ ಎರಡು ಅಂಕಿಗಳಿವೆ: ಶುರುಮಾಡುವ ಮುನ್ನ ಕನಿಷ್ಠ 12 ಗಂಟೆ ಮದ್ಯ ಸೋಕಿರಬಾರದು, ನಿಲ್ಲಿಸಿದ ಮೇಲೂ 14 ದಿನಗಳವರೆಗೆ ಮದ್ಯದೊಡನೆ ಅದರ ಪ್ರತಿಕ್ರಿಯೆ ಬರಬಹುದು. ಕೆಮ್ಮಿನ ಸಿರಪ್ಪು, ಬಾಯಿ ಮುಕ್ಕಳಿಸುವ ದ್ರವ ಕೂಡ ಲೆಕ್ಕಕ್ಕೆ ಬರುತ್ತವೆ.

ಉನ್ಮಾದಕ್ಕೆ ಕೊಡುವ ಲಿಥಿಯಂ ಮನೋರೋಗ ಚಿಕಿತ್ಸೆಗೆ ಬಂದದ್ದು 1949ರಲ್ಲಿ, ಆಸ್ಟ್ರೇಲಿಯಾದ ಜಾನ್ ಕೇಡ್ ಅವರ ಪ್ರಯೋಗಗಳಿಂದ. ಫಲ ಕೊಡುವ ಮಟ್ಟ ಲೀಟರಿಗೆ 0.6ರಿಂದ 1.2 ಮಿಲಿಈಕ್ವಿವಲೆಂಟ್, 1.5 ದಾಟಿದರೆ ವಿಷ, 2 ದಾಟಿದರೆ ಗಂಭೀರ. ಫಲಕ್ಕೂ ವಿಷಕ್ಕೂ ನಡುವೆ ಇಷ್ಟು ಕಿರಿದಾದ ಅಂತರವಿರುವುದರಿಂದಲೇ ರಕ್ತ ತೆಗೆಯುವ ಹೊತ್ತಿಗೂ ಮಹತ್ವ: ಕೊನೆಯ ಡೋಸ್ ಆಗಿ 12 ಗಂಟೆಗಳ ಮೇಲೆ. ಬೆಳಗಿನ ಮಾತ್ರೆ ನುಂಗಿ ಬಂದವರ ರಕ್ತ ತೆಗೆದರೆ ಅಂಕಿ ಸುಳ್ಳಾಗಿ ಏರಿರುತ್ತದೆ. ಸೋಡಿಯಂ ಜೊತೆಗಿನ ನಂಟನ್ನು ಹೀಗೆ ನೆನಪಿಡಬಹುದು: ಮೂತ್ರಪಿಂಡ ಲಿಥಿಯಮ್ಮನ್ನು ಸೋಡಿಯಮ್ಮಿನಂತೆಯೇ ನಡೆಸಿಕೊಳ್ಳುತ್ತದೆ, ಆದ್ದರಿಂದ ಭೇದಿ, ವಾಂತಿ, ಅತಿ ಬೆವರು, ಉಪ್ಪಿಲ್ಲದ ಪಥ್ಯಗಳಿಂದ ಸೋಡಿಯಂ ಇಳಿದಾಗ ಅದನ್ನು ಉಳಿಸಿಕೊಳ್ಳುವ ಆತುರದಲ್ಲಿ ಲಿಥಿಯಮ್ಮನ್ನೂ ಉಳಿಸಿಕೊಂಡುಬಿಡುತ್ತದೆ. ಥಯಜೈಡ್ ಮೂತ್ರವರ್ಧಕಗಳು, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಲಿಥಿಯಂ ಮಟ್ಟವನ್ನು ಏರಿಸುತ್ತವೆ. ಬೆರಳುಗಳ ಸಣ್ಣ ನಡುಕ ಸಾಮಾನ್ಯ ಅಡ್ಡಪರಿಣಾಮ. ಒರಟು ನಡುಕ, ತೊದಲು, ಓಲಾಟ, ಭೇದಿ ವಿಷದ ಸೂಚನೆಗಳು. ಎರಡನೆಯವು ಕಂಡರೆ ಡೋಸ್ ತಡೆಹಿಡಿದು ಮಟ್ಟವನ್ನು ಪರೀಕ್ಷೆಗೆ ಕಳಿಸಬೇಕು.

ಆ್ಯಂಟಿಸೈಕೋಟಿಕ್ ಗುಂಪಿನ ಕ್ಲೋಜಪಿನ್ ಬಿಳಿರಕ್ತಕಣಗಳನ್ನು ಕುಸಿಯುವಂತೆ ಮಾಡಬಲ್ಲದು, ಮತ್ತು ಆ ಅಪಾಯ ಮೊದಲ ಕೆಲವು ತಿಂಗಳುಗಳಲ್ಲೇ ಹೆಚ್ಚು. ಮೊದಲು ಪ್ರತಿವಾರ, ಆಮೇಲೆ ಅಂತರ ಹೆಚ್ಚಿಸುತ್ತ ರಕ್ತಪರೀಕ್ಷೆ ಮಾಡುವ ಪದ್ಧತಿ ಬೆಳೆದದ್ದು ಇದರಿಂದ. ನಿಖರವಾದ ವೇಳಾಪಟ್ಟಿ ದೇಶದಿಂದ ದೇಶಕ್ಕೆ ಬೇರೆಯಾದ್ದರಿಂದ ನೀವು ಬರೆಯುವ ಪರೀಕ್ಷೆಯ ದೇಶದ ನಿಯಮವನ್ನೇ ಓದಿಕೊಳ್ಳಿ. ಜ್ವರ, ಗಂಟಲುನೋವು ಎಂದು ರೋಗಿ ಹೇಳಿದರೆ ಅದನ್ನು ನೆಗಡಿ ಎಂದು ಬಿಡುವಂತಿಲ್ಲ ಎಂಬುದು ಮಾತ್ರ ಎಲ್ಲ ಕಡೆಯೂ ಒಂದೇ. ಮಲಬದ್ಧತೆಯನ್ನೂ ಹಗುರವಾಗಿ ಕಾಣಬೇಡಿ. ಕರುಳು ಸ್ತಬ್ಧವಾಗಿ ಪ್ರಾಣಾಪಾಯ ಬಂದೊದಗುವುದುಂಟು.

ರೋಗನಿರ್ಣಯದ ಗಡುವುಗಳು

ಇದು ಬರೀ ನೆನಪಿನ ಕೆಲಸ, ಆದ್ದರಿಂದ ಬೇಗ ಮುಗಿಸಬಹುದು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್‌ಎಂ-5ರ ಪ್ರಕಾರ ಲಕ್ಷಣಗಳು ಕನಿಷ್ಠ ಇಷ್ಟು ಕಾಲ ಇರಬೇಕು: ತೀವ್ರ ಖಿನ್ನತೆಗೆ 2 ವಾರ, ಉನ್ಮಾದಕ್ಕೆ 1 ವಾರ, ಲಘು ಉನ್ಮಾದಕ್ಕೆ 4 ದಿನ, ಸಾರ್ವತ್ರಿಕ ಆತಂಕಕ್ಕೆ 6 ತಿಂಗಳು. ಆಘಾತದ ನಂತರ 3 ದಿನಗಳಿಂದ 1 ತಿಂಗಳವರೆಗಿನ ಲಕ್ಷಣಗಳು ಅಕ್ಯೂಟ್ ಸ್ಟ್ರೆಸ್ ಡಿಸಾರ್ಡರ್, ತಿಂಗಳು ದಾಟಿದರೆ ಪಿಟಿಎಸ್‌ಡಿ (ಆಘಾತೋತ್ತರ ಒತ್ತಡದ ಕಾಯಿಲೆ). ಸ್ಕಿಜೋಫ್ರೇನಿಯದಲ್ಲಿ ಮಾತ್ರ ಒಂದು ತೊಡಕಿದೆ: ಡಿಎಸ್‌ಎಂ-5 ಕೇಳುವುದು 6 ತಿಂಗಳು, 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣ ಐಸಿಡಿ-11 ಕೇಳುವುದು 1 ತಿಂಗಳು. ನಿಮ್ಮ ಪಠ್ಯಕ್ರಮ ಯಾವುದನ್ನು ಅನುಸರಿಸುತ್ತದೆ ಎಂದು ಮೊದಲೇ ಖಚಿತಪಡಿಸಿಕೊಳ್ಳದೆ ಈ ಅಂಕಿಯನ್ನು ಮುಟ್ಟಬೇಡಿ.

ಹೆರಿಗೆಯ ನಂತರದ ಸ್ಥಿತಿಗಳೂ ಕಾಲದಿಂದಲೇ ಬೇರ್ಪಡುತ್ತವೆ. ಎರಡು ಮೂರನೆಯ ದಿನ ಕಣ್ಣೀರು ಬಂದು, ಎರಡು ವಾರಗಳೊಳಗೆ ತಾನಾಗಿ ತಿಳಿಯಾಗುವುದು ಬಹಳ ತಾಯಂದಿರಲ್ಲಿ ಕಾಣುವಂಥದ್ದು, ಅದಕ್ಕೆ ಆಸರೆಯ ಮಾತು, ವಿಶ್ರಾಂತಿ ಸಾಕು. ಎರಡು ವಾರ ದಾಟಿಯೂ ಉಳಿದರೆ ಖಿನ್ನತೆಯ ತಪಾಸಣೆ ಆಗಬೇಕು. ಆದರೆ ಮೊದಲ ಎರಡು ವಾರಗಳಲ್ಲೇ ನಿದ್ದೆ ಪೂರ್ತಿ ಬಿಟ್ಟು, ಮಗು ತನ್ನದಲ್ಲವೆಂದೋ ಅದರಲ್ಲಿ ಯಾವುದೋ ಕೆಟ್ಟ ಶಕ್ತಿ ಸೇರಿದೆಯೆಂದೋ ತಾಯಿ ಹೇಳತೊಡಗಿದರೆ ಅದು ಸೈಕೋಸಿಸ್, ಅಂದರೆ ವಾಸ್ತವದ ಅರಿವು ತಪ್ಪಿದ ಸ್ಥಿತಿ. ತಾಯಿ ಮಗು ಇಬ್ಬರನ್ನೂ ಒಂಟಿಯಾಗಿ ಬಿಡುವಂತಿಲ್ಲ.

ಸನ್ನಿಯನ್ನೂ (ಡೆಲಿರಿಯಂ) ಡಿಮೆನ್ಷಿಯವನ್ನೂ ಬೇರ್ಪಡಿಸಲು ಕಲಿಯುವುದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ. ‘ಅರಳುಮರಳು’ ಎಂದು ಮನೆಯವರು ಕರೆಯುವುದರಲ್ಲಿ ಎರಡೂ ಸೇರಿರುತ್ತವೆ. ವರ್ಷಗಳಿಂದ ಮೆಲ್ಲನೆ ಬಂದ ಮರೆವು ಡಿಮೆನ್ಷಿಯ; ನಿನ್ನೆ ಸಂಜೆಯವರೆಗೆ ಸರಿಯಿದ್ದ ಅಜ್ಜಿ ಇಂದು ಮಗನನ್ನೇ ಗುರುತಿಸದೆ ಹೋದರೆ, ಬೆಳಿಗ್ಗೆ ಚೆನ್ನಾಗಿ ಮಾತಾಡಿ ರಾತ್ರಿ ಬಡಬಡಿಸಿದರೆ ಅದು ಸನ್ನಿ. ಸನ್ನಿಗೆ ದೇಹದಲ್ಲೊಂದು ಕಾರಣವಿರುತ್ತದೆ: ಮೂತ್ರದ ಸೋಂಕು, ನಿರ್ಜಲೀಕರಣ, ಹೊಸ ಔಷಧಿ, ಆಮ್ಲಜನಕದ ಅಥವಾ ಸಕ್ಕರೆಯ ಕೊರತೆ. ಹೀಗಾಗಿ ‘ಮೊದಲು ಏನು’ ಎಂದು ಕೇಳಿದಾಗ ದೇಹದ ತಪಾಸಣೆಯ ಆಯ್ಕೆ ಮುಂದೆ ನಿಲ್ಲುತ್ತದೆ. ಡಿಮೆನ್ಷಿಯ ಇರುವವರಿಗೇ ಅದರ ಮೇಲೊಂದು ಸನ್ನಿ ಬರುವ ಪ್ರಶ್ನೆ ಇನ್ನೂ ಕಠಿಣ. ಅಲ್ಲಿಯೂ ‘ಯಾವಾಗಿನಿಂದ’ ಎಂಬುದೇ ದಾರಿ ತೋರಿಸುತ್ತದೆ.

ಗಡಿಯಾರ ನೆರವಾಗದ ಕಡೆ

ಶುಶ್ರೂಷಕಿ ಏನು ಹೇಳಬೇಕು ಎಂಬ ಪ್ರಶ್ನೆಗಳಿಗೆ ಮೇಲಿನ ಗೆರೆ ಸಾಲದು. ‘ನಾನು ಎಲ್ಲರಿಗೂ ಹೊರೆಯಾಗಿದ್ದೇನೆ’ ಎಂದು ರೋಗಿಯೊಬ್ಬಳು ಹೇಳಿದಳೆಂದು ಇಟ್ಟುಕೊಳ್ಳಿ. ‘ಹಾಗೇಕೆ ಅಂದುಕೊಳ್ಳುತ್ತೀರಿ?’ ಎಂಬುದು ಕಾಳಜಿಯಂತೆ ಕೇಳಿಸಿದರೂ ಸಮಜಾಯಿಷಿ ಕೇಳಿದಂತಾಗುತ್ತದೆ. ‘ನಿಮ್ಮ ಮಕ್ಕಳಿಗೆ ನಿಮ್ಮ ಮೇಲೆ ಎಷ್ಟು ಪ್ರೀತಿ ಗೊತ್ತೇ?’ ಎಂಬುದು ನಾವೆಲ್ಲರೂ ಮನೆಯಲ್ಲಿ ಹೇಳುವ ಮಾತು, ಪರೀಕ್ಷೆಯಲ್ಲಿ ಅತಿ ಹೆಚ್ಚು ಮಂದಿ ಜಾರುವುದೂ ಇಲ್ಲಿಯೇ. ಅದು ಆಕೆಯ ನೋವನ್ನು ಅಲ್ಲಗಳೆದು ಬಾಯಿ ಮುಚ್ಚಿಸುತ್ತದೆ. ‘ಬನ್ನಿ, ಸ್ವಲ್ಪ ಹೊತ್ತು ಹೊರಗೆ ಓಡಾಡೋಣ’ ಎಂಬುದು ಮಾತು ಬದಲಿಸುವುದು. ‘ಹೊರೆಯಾಗಿದ್ದೇನೆ ಎಂದಿರಿ, ಅದನ್ನು ಕುರಿತು ಇನ್ನಷ್ಟು ಹೇಳಿ’ ಎಂಬುದು ಸರಿ. ಆದರೆ ಆಯ್ಕೆಗಳಲ್ಲಿ ‘ಸಾಯುವ ಯೋಚನೆ ಬರುತ್ತಿದೆಯೇ?’ ಎಂಬ ನೇರ ಪ್ರಶ್ನೆ ಇದ್ದರೆ ಅದು ಈ ಉತ್ತರವನ್ನೂ ಹಿಂದಿಕ್ಕುತ್ತದೆ, ಏಕೆಂದರೆ ಹೊರೆಯೆಂಬ ಭಾವ ಆತ್ಮಹತ್ಯೆಯ ಎಚ್ಚರಿಕೆಯ ಮಾತು. ಸುರಕ್ಷತೆ ಮೊದಲು, ಭಾವನೆ ಆಮೇಲೆ, ಬುದ್ಧಿಮಾತು ಕೊನೆಗೆ ಎಂಬ ಕ್ರಮದಲ್ಲಿ ಆಯ್ಕೆಗಳನ್ನು ಸೋಸಿದರೆ ಎರಡು ಆಗಲೇ ಉದುರಿಹೋಗಿರುತ್ತವೆ.

ಇಲ್ಲದ ದನಿ ಕೇಳಿಸುವವರೊಡನೆ ವಾದಿಸಬಾರದು, ಹೂಗುಟ್ಟಲೂಬಾರದು. ‘ಆ ದನಿಯಿಂದ ನಿಮಗೆ ಹೆದರಿಕೆಯಾಗುತ್ತಿದೆ ಎಂದು ತಿಳಿಯಿತು, ನನಗೆ ಅದು ಕೇಳಿಸುತ್ತಿಲ್ಲ’ ಎಂಬ ಮಾತಿನಲ್ಲಿ ಎರಡೂ ಉಳಿಯುತ್ತವೆ. ಅದಕ್ಕೂ ಮೊದಲು, ದನಿ ಏನು ಹೇಳುತ್ತಿದೆ ಎಂದು ಕೇಳಬೇಕು. ತನಗೋ ಇತರರಿಗೋ ಹಾನಿ ಮಾಡು ಎಂದು ಆಜ್ಞಾಪಿಸುವ ದನಿಯಾದರೆ ಕ್ರಮವೇ ಬದಲಾಗುತ್ತದೆ. ತಪ್ಪು ನಂಬಿಕೆಯನ್ನು ತರ್ಕದಿಂದ ಒಡೆಯಲು ಹೋಗುವ ಆಯ್ಕೆ ಯಾವತ್ತೂ ತಪ್ಪು. ಪ್ಯಾನಿಕ್ ಸ್ಥಿತಿಯಲ್ಲಿರುವವರ ಬಳಿ ನಿಲ್ಲಿ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಮಾತಾಡಿ. ಆತಂಕ ತಾರಕದಲ್ಲಿರುವಾಗ ಕಾರಣ ಹುಡುಕುವ ಸಂಭಾಷಣೆ ನಡೆಯದು.

ರೋಗಿಯೊಡನೆ ಕಟ್ಟಿಕೊಳ್ಳುವ ಸಂಬಂಧವನ್ನು ಶುಶ್ರೂಷೆಯ ಕೇಂದ್ರಕ್ಕೆ ತಂದವರು ಅಮೆರಿಕದ ಶುಶ್ರೂಷಕಿ ಹಿಲ್ಡೆಗಾರ್ಡ್ ಪೆಪ್ಲೌ, 1952ರಲ್ಲಿ. ಪರಿಚಯ, ಕಾರ್ಯ, ಮುಕ್ತಾಯ ಎಂದು ಇಂದು ಕಲಿಸುವ ಹಂತಗಳಲ್ಲಿ ಕೇಳುವ ಪ್ರಶ್ನೆ ಒಂದೇ: ಮುಕ್ತಾಯದ ಮಾತನ್ನು ಯಾವಾಗ ಎತ್ತಬೇಕು? ಮೊದಲ ಭೇಟಿಯಲ್ಲೇ. ರಕ್ಷಣಾ ತಂತ್ರಗಳಿಗೂ ಎರಿಕ್ಸನ್ನರು ಹೇಳಿದ ಮನೋವಿಕಾಸದ 8 ಹಂತಗಳಿಗೂ ಒಂದು ಸಂಜೆ ಸಾಕು. ಅದಕ್ಕಿಂತ ಹೆಚ್ಚು ಕೊಡುವವರು ಸುಲಭವಾದದ್ದನ್ನು ಓದಿ ಕಷ್ಟದ್ದನ್ನು ಮುಂದೂಡುತ್ತಿದ್ದಾರೆ ಎಂದೇ ನನ್ನ ಅನಿಸಿಕೆ. ಕಟ್ಟಿಹಾಕುವುದು, ಒಂಟಿಕೋಣೆಯಲ್ಲಿ ಇರಿಸುವುದು ಕೊನೆಯ ಉಪಾಯ ಎಂಬುದು ಎಲ್ಲೆಡೆಯ ತತ್ತ್ವ. ಆದೇಶ ಎಷ್ಟು ಗಂಟೆ ಊರ್ಜಿತ, ಒಪ್ಪಿಗೆಯಿಲ್ಲದೆ ಎಷ್ಟು ದಿನ ದಾಖಲಿಸಿಕೊಳ್ಳಬಹುದು ಎಂಬುದು ಆಯಾ ದೇಶದ ಕಾನೂನು. ಬೇರೆ ದೇಶದ ಪರೀಕ್ಷೆಗೆಂದು ಬರೆದ ಟಿಪ್ಪಣಿಗಳು ದಾರಿ ತಪ್ಪಿಸುವುದು ಮುಖ್ಯವಾಗಿ ಇಲ್ಲಿ.

ಅಪಾಯ ಹೆಚ್ಚುವ ದಿನಗಳು

ಆತ್ಮಹತ್ಯೆಯ ಬಗ್ಗೆ ನೇರವಾಗಿ ಕೇಳಿದರೆ ಆ ಯೋಚನೆಯನ್ನು ತಲೆಯಲ್ಲಿ ಬಿತ್ತಿದಂತಾಗುವುದಿಲ್ಲ. ಈ ಅಂಜಿಕೆಯನ್ನು ಮೊದಲು ಬಿಡಬೇಕು. ಯೋಚನೆ ಇದೆಯೇ, ಯೋಜನೆ ಇದೆಯೇ, ಅದು ಎಷ್ಟು ಮಾರಕ, ಅದಕ್ಕೆ ಬೇಕಾದದ್ದು ಕೈಗೆಟುಕುವಂತಿದೆಯೇ, ಹಿಂದೆ ಯತ್ನಿಸಿದ್ದರೇ ಎಂಬ ಸಾಲಿನಲ್ಲಿ ವಿಚಾರಿಸಬೇಕು. ಹೆಚ್ಚಿನ ಅಪಾಯವಿದ್ದರೆ ಒಬ್ಬರು ಸದಾ ಜೊತೆಗಿರಬೇಕು, ಸ್ನಾನದ ಮನೆಯಲ್ಲಿಯೂ. ಅದಕ್ಕಿಂತ ಕಡಿಮೆಯಿದ್ದಾಗ ಮಾಡುವ ಸುತ್ತುಗಳು ಒಂದೇ ಅಂತರದಲ್ಲಿ ನಡೆಯಬಾರದು. ಪ್ರತಿ 15 ನಿಮಿಷಕ್ಕೆ ಸರಿಯಾಗಿ ಬರುವ ಶುಶ್ರೂಷಕಿಯ ವೇಳೆಯನ್ನು ರೋಗಿ ಎರಡು ಗಂಟೆಯಲ್ಲಿ ಕಲಿತುಬಿಡುತ್ತಾನೆ. ಆಸ್ಪತ್ರೆಯಿಂದ ಬಿಡುಗಡೆಯಾದ ಮೊದಲ ವಾರ, ಮೊದಲ ಮೂರು ತಿಂಗಳು ಅಪಾಯ ಹೆಚ್ಚಿರುವ ಕಾಲ, ಆದ್ದರಿಂದ ಮನೆಗೆ ಕಳಿಸುವಾಗ ಮುಂದಿನ ಭೇಟಿಯ ದಿನಾಂಕ ಗೊತ್ತಾಗಿರಬೇಕು. ಖಿನ್ನತೆಯ ಔಷಧಿ ಶುರುವಾದ ಮೊದಲ ವಾರಗಳೂ ಹಾಗೆಯೇ, 25 ವರ್ಷದೊಳಗಿನವರಲ್ಲಿ ವಿಶೇಷವಾಗಿ. ಮನಸ್ಸಿನ ಕತ್ತಲೆ ಕರಗುವ ಮುನ್ನವೇ ಕೈಕಾಲಿಗೆ ಶಕ್ತಿ ಮರಳುವುದುಂಟು.

ಇದನ್ನೆಲ್ಲ ಒಂದೇ ಪ್ರಶ್ನೆಯಲ್ಲಿ ಸೇರಿಸಿ ನೋಡಿ. ತೀವ್ರ ಖಿನ್ನತೆಯಿಂದ ದಾಖಲಾದ 52 ವರ್ಷದ ರೋಗಿಗೆ ಎಸ್‌ಎಸ್‌ಆರ್‌ಐ ಗುಂಪಿನ ಸರ್ಟ್ರಲೀನ್ ಆರಂಭವಾಗಿ 16 ದಿನಗಳಾಗಿವೆ. ಈವರೆಗೆ ಹಾಸಿಗೆ ಬಿಟ್ಟೇಳದಿದ್ದ ಆತ ಇಂದು ಬೆಳಿಗ್ಗೆ ತಾನೇ ಸ್ನಾನ ಮಾಡಿ, ಪಕ್ಕದ ಹಾಸಿಗೆಯವರಿಗೆ ತನ್ನ ಕೈಗಡಿಯಾರವನ್ನು ಕೊಟ್ಟು, ‘ಈಗ ಮನಸ್ಸು ಹಗುರವಾಗಿದೆ ಸಿಸ್ಟರ್’ ಎಂದು ನಗುತ್ತಾನೆ. ಶುಶ್ರೂಷಕಿ ಮೊದಲು ಏನು ಮಾಡಬೇಕು? ಔಷಧಿ ಫಲ ಕೊಡುತ್ತಿದೆ ಎಂದು ದಾಖಲಿಸುವುದು, ಗುಂಪು ಚಟುವಟಿಕೆಗೆ ಕರೆದೊಯ್ಯುವುದು, ವೈದ್ಯರಿಗೆ ಫೋನ್ ಮಾಡುವುದು, ಪಕ್ಕಕ್ಕೆ ಕರೆದು ಸಾಯುವ ಯೋಚನೆ ಇದೆಯೇ ಎಂದು ಕೇಳುವುದು ಎಂಬ ನಾಲ್ಕು ಆಯ್ಕೆಗಳಿವೆ. 16 ದಿನಗಳಲ್ಲಿ ಸುಧಾರಣೆ ಕಾಣಿಸುವುದು ಸಾಧ್ಯ, ಮೊದಲ ಆಯ್ಕೆ ಸೆಳೆಯುವುದು ಅದರಿಂದಲೇ. ಆದರೆ ಮೆಲ್ಲಮೆಲ್ಲನೆ ಬರಬೇಕಾದದ್ದು ಒಂದೇ ಬೆಳಗಿನಲ್ಲಿ ಬಂದಿದೆ, ಜೊತೆಗೆ ಪ್ರೀತಿಯ ವಸ್ತುವನ್ನು ಕೊಟ್ಟುಬಿಟ್ಟಿದ್ದಾನೆ. ಉತ್ತರ ನಾಲ್ಕನೆಯದು. ಕೇಳಿದ ಮೇಲೆ ಆತನನ್ನು ಕಣ್ಣಳತೆಯಲ್ಲೇ ಇರಿಸಿಕೊಂಡು ವೈದ್ಯರಿಗೆ ತಿಳಿಸಬೇಕು, ಹೇಳಿದ ಮಾತುಗಳನ್ನು ಹಾಗೆಯೇ ಬರೆದಿಡಬೇಕು. ಮೂರನೆಯ ಆಯ್ಕೆ ತಪ್ಪಾಗುವುದು ಕ್ರಮದಲ್ಲಿ ಮಾತ್ರ: ರೋಗಿಯನ್ನು ಕೇಳದೆಯೇ ಫೋನ್ ಎತ್ತಿದರೆ, ವೈದ್ಯರು ಎದುರು ಪ್ರಶ್ನೆ ಹಾಕಿದಾಗ ಹೇಳಲು ಶುಶ್ರೂಷಕಿಯ ಬಳಿ ಕೈಗಡಿಯಾರದ ಸಂಗತಿಯೊಂದನ್ನು ಬಿಟ್ಟು ಬೇರೇನೂ ಇರುವುದಿಲ್ಲ.